ವಿರುದ್ಧ ಆಧಾರಗಳೂ ಇತಿಹಾಸಬೋಧನೆಯೂ: ಚೆರೋಕಿ ಜನರ ಉಚ್ಚಾಟನೆಯನ್ನು ಕುರಿತು ಒಂದು ಪರಾಮರ್ಶೆ

ಇತಿಹಾಸವನ್ನು ಬೋಧಿಸುವವನಿಗೆ ಆಧಾರಗಳು ದೊರೆಯದಿರುವುದು ಒಂದು ಕಷ್ಟ. ದೊರೆತ ಆಧಾರಗಳು ಒಂದನ್ನೊಂದು ಒಪ್ಪದಿರುವುದು ಅದಕ್ಕಿಂತಲೂ ಹೆಚ್ಚಿನ ಕಷ್ಟ. ಬಹುಕಾಲ ಪಠ್ಯಪುಸ್ತಕಗಳು ಈ ಎರಡನೆಯ ಕಷ್ಟವನ್ನು ವಿದ್ಯಾರ್ಥಿಯ ಕಣ್ಣಿಗೆ ಬೀಳಗೊಡುತ್ತಿರಲಿಲ್ಲ. ಗ್ರಂಥಕರ್ತನು ಆಧಾರಗಳನ್ನು ತಾನೇ ತೂಗಿ ನೋಡಿ, ತೀರ್ಮಾನವನ್ನು ಮಾತ್ರ ವಿದ್ಯಾರ್ಥಿಯ ಕೈಗಿಡುತ್ತಿದ್ದನು. ಈಚಿನ ದಶಕಗಳಲ್ಲಿ ಅಮೆರಿಕದ ಶಾಲೆ-ಕಾಲೇಜುಗಳಲ್ಲಿ ಬೇರೊಂದು ಪದ್ಧತಿ ರೂಢಿಗೆ ಬಂದಿದೆ. ಒಂದೇ ಘಟನೆಯನ್ನು ಕುರಿತ ಪರಸ್ಪರ ವಿರುದ್ಧವಾದ ಮೂಲಪತ್ರಗಳನ್ನು ವಿದ್ಯಾರ್ಥಿಯ ಮುಂದಿರಿಸಿ, ತೂಗುವ ಕೆಲಸವನ್ನು ಅವನಿಗೇ ವಹಿಸುವುದು ಈ ಪದ್ಧತಿಯ ತಿರುಳು. ಇದಕ್ಕೆ ಆರಿಸಿಕೊಳ್ಳುವ ಪ್ರಸಂಗಗಳಲ್ಲಿ ಚೆರೋಕಿ ಜನಾಂಗವನ್ನು ೧೮೩೮-೩೯ರಲ್ಲಿ ಅವರ ನೆಲದಿಂದ ಬಲಾತ್ಕಾರವಾಗಿ ಹೊರಡಿಸಿದ ಪ್ರಸಂಗವೂ ಒಂದು. ಥೀಡಾ ಪರ್ಡ್ಯೂ ಮತ್ತು ಮೈಕೆಲ್ ಗ್ರೀನ್ ಎಂಬ ವಿದ್ವಾಂಸರು ೧೯೯೫ರಲ್ಲಿ ಹೊರತಂದ ದಾಖಲೆಗಳ ಸಂಕಲನವು ಈ ಪದ್ಧತಿಗೆ ಒಂದು ಉತ್ತಮ ಮಾದರಿ. ೨೦೦೫ರಲ್ಲಿ ಅದು ಎರಡನೆಯ ಆವೃತ್ತಿಯನ್ನು ಕಂಡಿತು. ಈ ಪದ್ಧತಿಯಿಂದ ವಿದ್ಯಾರ್ಥಿಗೆ ಲಭಿಸುವುದೇನು, ಅದರಲ್ಲಿರುವ ಅಪಾಯವೇನು ಎಂಬುದನ್ನು ಚೆರೋಕಿ ಪ್ರಸಂಗದ ಆಧಾರಗಳ ಮೂಲಕವೇ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ಮೊದಲು ಘಟನೆಯ ಸಂಗ್ರಹರೂಪ. ಇಂದಿನ ಜಾರ್ಜಿಯಾ, ಟೆನೆಸ್ಸಿ, ಉತ್ತರ ಕೆರೊಲಿನಾ, ಅಲಬಾಮಾ ರಾಜ್ಯಗಳು ಕೂಡುವ ಬೆಟ್ಟನಾಡು ಚೆರೋಕಿ ಜನರ ತಾಯ್ನೆಲ. ಸಿಕ್ವೋಯಾ ಎಂಬವನು ೧೮೨೧ರ ಸುಮಾರಿಗೆ ತನ್ನ ಜನರ ಭಾಷೆಗೆ ಎಂಬತ್ತಕ್ಕೂ ಮಿಕ್ಕ ಚಿಹ್ನೆಗಳ ಲಿಪಿಯೊಂದನ್ನು ರಚಿಸಿಕೊಟ್ಟನು. ಕನ್ನಡದಲ್ಲಿರುವಂತೆ ಅದರಲ್ಲಿಯೂ ಬಹುಮಟ್ಟಿಗೆ ಒಂದೊಂದು ಚಿಹ್ನೆ ಸ್ವರಸಹಿತವಾದ ಒಂದು ಅಕ್ಷರ. ಕಾಗುಣಿತದ ಕಟ್ಟು ಮಾತ್ರ ಅಲ್ಲಿಲ್ಲ. ೧೮೨೭ರಲ್ಲಿ ಚೆರೋಕಿಗಳು ಲಿಖಿತ ಸಂವಿಧಾನವನ್ನು ಅಂಗೀಕರಿಸಿದರು. ೧೮೨೮ರ ಫೆಬ್ರವರಿ ೨೧ರಂದು ರಾಜಧಾನಿಯಾದ ನ್ಯೂ ಎಕೋಟಾದಿಂದ ‘ಚೆರೋಕಿ ಫೀನಿಕ್ಸ್’ ಎಂಬ ದ್ವಿಭಾಷಾ ಪತ್ರಿಕೆ ಹೊರಟಿತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಹುಟ್ಟಿದುದು ೧೮೪೩ರಲ್ಲಿ ಎಂಬುದನ್ನು ನೆನೆದರೆ ಈ ಕಾರ್ಯದ ಮಹತ್ತ್ವ ಮನಸ್ಸಿಗೆ ಬಂದೀತು.

ಅದೇ ಕಾಲಕ್ಕೆ ಜಾರ್ಜಿಯಾ ರಾಜ್ಯವು ಚೆರೋಕಿ ನೆಲದ ಮೇಲೆ ತನ್ನ ಕಾನೂನನ್ನು ಹೇರಲು ಮುಂದಾಯಿತು. ಆ ನೆಲದಲ್ಲಿ ಚಿನ್ನವೂ ಸಿಕ್ಕಿತು. ಅಧ್ಯಕ್ಷ ಆಂಡ್ರೂ ಜಾಕ್ಸನ್ ೧೮೩೦ರ ಮೇ ೨೮ರಂದು ಸ್ಥಳಾಂತರದ ಕಾಯಿದೆಗೆ ಸಹಿ ಹಾಕಿದನು. ಕೆಳಮನೆಯಲ್ಲಿ ಅದು ಗೆದ್ದುದು ೧೦೨ಕ್ಕೆ ೯೭ ಮತಗಳಿಂದ. ೧೮೩೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ವೂಸ್ಟರ್ ಮೊಕದ್ದಮೆಯಲ್ಲಿ ಚೆರೋಕಿ ನೆಲದೊಳಗೆ ಜಾರ್ಜಿಯಾದ ಕಾನೂನು ನಡೆಯದೆಂದು ತೀರ್ಪಿತ್ತರೂ ಪರಿಸ್ಥಿತಿ ಬದಲಾಗಲಿಲ್ಲ. ೧೮೩೫ರ ಡಿಸೆಂಬರ್ ೨೯ರಂದು ಚೆರೋಕಿ ಸರ್ಕಾರದ ಅಧಿಕಾರವಿಲ್ಲದ ಸಣ್ಣ ಗುಂಪೊಂದು ನ್ಯೂ ಎಕೋಟಾದಲ್ಲಿ ಒಪ್ಪಂದಕ್ಕೆ ಸಹಿ ಮಾಡಿ, ಐದು ದಶಲಕ್ಷ ಡಾಲರುಗಳಿಗೆ ನೆಲವನ್ನೆಲ್ಲ ಬಿಟ್ಟುಕೊಟ್ಟಿತು. ಮರುವರ್ಷ ಸೆನೆಟ್ ಸಭೆಯಲ್ಲಿ ಅದು ಉಳಿದುಕೊಂಡುದು ಒಂದೇ ಮತದ ಅಂತರದಿಂದ. ೧೮೩೮ರ ಮೇ ತಿಂಗಳಲ್ಲಿ ಜನರಲ್ ವಿನ್‌ಫೀಲ್ಡ್ ಸ್ಕಾಟನ ಸೈನ್ಯ ಜನರನ್ನು ಮನೆಗಳಿಂದ ಹಿಡಿದು ತಂದು ಶಿಬಿರಗಳಲ್ಲಿ ಕೂಡಿಹಾಕಿತು. ಬೇಸಗೆಯಲ್ಲಿ ಕೆಲವು ತಂಡಗಳನ್ನು ನದಿಯ ಮೂಲಕ ಸಾಗಿಸಿದ ಮೇಲೆ, ಉಳಿದವರು ಮುಖ್ಯನಾಯಕ ಜಾನ್ ರಾಸನ ಏರ್ಪಾಟಿನಂತೆ ಹದಿಮೂರು ತಂಡಗಳಲ್ಲಿ ಹೊರಟು, ಎಂಟುನೂರು ಮೈಲಿಗೂ ಹೆಚ್ಚಿನ ದಾರಿಯನ್ನು ಕ್ರಮಿಸಿ, ೧೮೩೯ರ ಮಾರ್ಚಿಯ ವೇಳೆಗೆ ಇಂದಿನ ಒಕ್ಲಹೋಮಾವನ್ನು ಸೇರಿದರು.

೨

ವಿರುದ್ಧ ಆಧಾರಗಳ ಪದ್ಧತಿಯನ್ನು ಅನುಸರಿಸುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಜಾಕ್ಸನ್ ೧೮೩೦ರ ಡಿಸೆಂಬರಿನಲ್ಲಿ ಶಾಸನಸಭೆಗೆ ಕಳುಹಿಸಿದ ಸಂದೇಶವನ್ನು ಒಂದು ಪಕ್ಕಕ್ಕೂ, ರಾಸ್ ೧೮೩೬ರಲ್ಲಿ ಅದೇ ಸಭೆಗೆ ಬರೆದ ಪ್ರತಿಭಟನೆಯ ಪತ್ರವನ್ನು ಇನ್ನೊಂದು ಪಕ್ಕಕ್ಕೂ ಇರಿಸುವುದು. ಜಾಕ್ಸನ್ನನ ವಾದ ಇದು: ಕಾಡಿನಲ್ಲಿ ಅಲೆಯುವ ಕೆಲವು ಸಾವಿರ ಜನರಿಗಿಂತ ನಗರಗಳೂ ಹೊಲಗಳೂ ತುಂಬಿದ ಗಣರಾಜ್ಯವೇ ಮೇಲು, ಸ್ಥಳಾಂತರದಿಂದ ಆ ಜನಾಂಗಕ್ಕೂ ಕ್ಷೇಮ, ಸರ್ಕಾರವು ಅದರ ವೆಚ್ಚವನ್ನು ಹೊರುವುದು ಔದಾರ್ಯ. ರಾಸನ ವಾದ: ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಜನರ ಅಧಿಕಾರವಿರಲಿಲ್ಲ, ಹೀಗಾಗಿ ಅದು ಒಪ್ಪಂದವೇ ಅಲ್ಲ, ಅದರ ಬಲದಿಂದ ಮಾಡಿದುದೆಲ್ಲವೂ ಅಪಹಾರ.

ಈ ಎರಡನ್ನು ಓದಿಸಿ, ನಿಮಗೆ ಯಾವುದು ಸರಿಯೆಂದು ತೋರುತ್ತದೆ ಎಂದು ಕೇಳುವುದರಲ್ಲಿ ಒಂದು ಗಂಭೀರವಾದ ದೋಷವಿದೆ. ಸೈನ್ಯವೂ ಖಜಾನೆಯೂ ಕೈಯಲ್ಲಿದ್ದವನ ಮಾತನ್ನು, ಅವೆರಡೂ ಇಲ್ಲದವನ ಮನವಿಯನ್ನು ಒಂದೇ ಅಳತೆಯ ಎರಡು ‘ಅಭಿಪ್ರಾಯ’ಗಳೆಂದು ವಿದ್ಯಾರ್ಥಿ ಗ್ರಹಿಸುತ್ತಾನೆ. ಹದಿನಾರು ಸಾವಿರ ಜನರನ್ನು ಮನೆಗಳಿಂದ ಹೊರಡಿಸಿದ ಕಾರ್ಯ ಅವನ ಮನಸ್ಸಿನಲ್ಲಿ ಚರ್ಚಾಸ್ಪರ್ಧೆಯ ವಿಷಯವಾಗಿ ಬಿಡುತ್ತದೆ. ಸಮತೋಲವೆಂಬುದು ನಿಷ್ಪಕ್ಷಪಾತದ ವೇಷದಲ್ಲಿ ಬಂದು ನಿಜವಾದ ಪರೀಕ್ಷೆಯನ್ನು ತಪ್ಪಿಸುತ್ತದೆ.

ನಿಜವಾದ ಪರೀಕ್ಷೆ ಎಂತಹದೆಂಬುದನ್ನು ೧೮೩೫ರ ಜನಗಣತಿ ತೋರಿಸಿಕೊಡುತ್ತದೆ. ಸ್ಥಳಾಂತರದ ಸಿದ್ಧತೆಗಾಗಿ ಅಮೆರಿಕದ ಸರ್ಕಾರವೇ ಮಾಡಿಸಿದ ಗಣತಿಯಿದು. ಅದರಲ್ಲಿ ೧೬,೫೪೨ ಚೆರೋಕಿಗಳು ಲೆಕ್ಕಕ್ಕೆ ಬಂದಿದ್ದಾರೆ. ಮನೆಗಳೆಷ್ಟು, ಉಳುಮೆಯ ಎಕರೆಗಳೆಷ್ಟು, ಬೆಳೆದ ಜೋಳವೆಷ್ಟು, ನೂಲುವವರು ನೇಯುವವರು ಎಷ್ಟು ಮಂದಿ, ಇಂಗ್ಲಿಷ್ ಓದಬಲ್ಲವರು ಚೆರೋಕಿ ಓದಬಲ್ಲವರು ಎಷ್ಟು ಮಂದಿ ಎಂಬುದಕ್ಕೆಲ್ಲ ಬೇರೆ ಬೇರೆ ಕಲಮುಗಳಿವೆ. ಅಧ್ಯಕ್ಷನ ಸಂದೇಶದಲ್ಲಿ ಕಾಡಿನಲ್ಲಿ ಅಲೆಯುತ್ತಿದ್ದ ಜನ, ಅವನದೇ ಸರ್ಕಾರದ ಗಣತಿಯಲ್ಲಿ ಉಳುವವರೂ ನೇಯುವವರೂ ಓದುವವರೂ ಆಗಿ ಕಾಣಿಸುತ್ತಾರೆ. ಇಲ್ಲಿ ಜಾಕ್ಸನ್ನನನ್ನು ಖಂಡಿಸಲು ರಾಸ್ ಬೇಕಾಗಿಲ್ಲ. ಒಂದೇ ಸರ್ಕಾರದ ಎರಡು ಕಾಗದಗಳನ್ನು ಎದುರುಬದುರಾಗಿ ಇರಿಸಿದರೆ ಸಾಕು. ಒಂದನ್ನು ಬರೆದುದು ಸಭೆಯನ್ನು ಒಲಿಸಿಕೊಳ್ಳಲು; ಇನ್ನೊಂದನ್ನು ಬರೆದುದು ಕೆಲಸಕ್ಕೆ ಬೇಕಾದ ಲೆಕ್ಕವನ್ನು ಸಂಗ್ರಹಿಸಲು. ಬರವಣಿಗೆಯ ಉದ್ದೇಶವನ್ನು ಅರಿಯದೆ ಆಧಾರದ ತೂಕವನ್ನು ಹೇಳಲಾಗದೆಂಬ ಪಾಠ ವಿದ್ಯಾರ್ಥಿಗೆ ಇಲ್ಲಿ ಪ್ರತ್ಯಕ್ಷವಾಗುತ್ತದೆ.

೩

ಆಧಾರಗಳ ಪದಪ್ರಯೋಗವನ್ನೂ ಇದೇ ರೀತಿ ಪರಿಶೀಲಿಸಬೇಕು. ಸರ್ಕಾರದ ಕಾಗದಗಳು ಈ ಕಾರ್ಯವನ್ನು ಅನೇಕ ಕಡೆ ‘ವಲಸೆ’ ಎಂಬ ಅರ್ಥದ ಮಾತಿನಿಂದಲೇ ಕರೆಯುತ್ತವೆ. ೧೮೩೦ರ ಕಾಯಿದೆಯೂ ತಮ್ಮ ನೆಲವನ್ನು ಬದಲಾಯಿಸಿಕೊಳ್ಳಲು ಇಷ್ಟಪಡುವ ಜನಾಂಗಗಳ ವಿಷಯವನ್ನೇ ಹೇಳುತ್ತದೆ. ಬಲಾತ್ಕಾರದ ಮಾತು ಅದರಲ್ಲಿಲ್ಲ. ಜಾಕ್ಸನ್ನನ ಸಂದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯುರೋಪಿನ ಹುಟ್ಟೂರುಗಳನ್ನು ಬಿಟ್ಟುಬಂದ ಪೂರ್ವಿಕರ ಉದಾಹರಣೆಯನ್ನು ಕೊಡುತ್ತದೆ. ಜನ್ಮಭೂಮಿಯನ್ನು ಅಗಲುವುದು ದುಃಖಕರವೇ ಆದರೂ ನಮ್ಮ ಪೂರ್ವಿಕರು ಮಾಡಿದುದೂ ಅದನ್ನೇ, ನಮ್ಮ ಮಕ್ಕಳು ಪಶ್ಚಿಮಕ್ಕೆ ಹೋಗಿ ಮಾಡುತ್ತಿರುವುದೂ ಅದನ್ನೇ ಎಂಬುದು ಅದರ ತಾತ್ಪರ್ಯ.

ಹೊಟ್ಟೆಪಾಡಿಗಾಗಿಯೋ ವಿದ್ಯೆಗಾಗಿಯೋ ಊರು ಬಿಟ್ಟು ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಾದದ ಹುಳುಕು ಬೇಗನೆ ತಿಳಿದೀತು. ವಲಸೆ ಹೋದವನ ಮನೆ ಊರಿನಲ್ಲಿ ಉಳಿದಿರುತ್ತದೆ. ಹಬ್ಬಕ್ಕೋ ಜಾತ್ರೆಗೋ ಅವನು ಹಿಂದಿರುಗಬಲ್ಲನು. ಹೋಗುವ ದಿನವನ್ನು ಅವನೇ ಗೊತ್ತುಮಾಡಿರುತ್ತಾನೆ. ಚೆರೋಕಿ ಒಕ್ಕಲಿಗನ ಮನೆ ಜಾರ್ಜಿಯಾ ರಾಜ್ಯವು ನಡೆಸಿದ ಲಾಟರಿಯಲ್ಲಿ ಬಿಳಿಯನೊಬ್ಬನ ಪಾಲಾಗಿತ್ತು. ಹೊರಡುವ ದಿನವನ್ನು ಗೊತ್ತುಮಾಡಿದುದು ಸೈನ್ಯ. ಕನ್ನಡದಲ್ಲಿ ‘ವಲಸೆ’ ಎಂಬುದು ಬೇರೆ, ‘ಒಕ್ಕಲೆಬ್ಬಿಸುವುದು’ ಎಂಬುದು ಬೇರೆ. ಈ ಪ್ರಸಂಗವನ್ನು ಕನ್ನಡದಲ್ಲಿ ಬರೆಯುವವರು ಇಂಗ್ಲಿಷ್ ಕಾಗದಗಳ ನುಣುಪು ಮಾತುಗಳನ್ನು ‘ಸ್ಥಳಾಂತರ’, ‘ವಲಸೆ’ ಎಂದು ಹಾಗೆಯೇ ಇಳಿಸಿದರೆ, ಅರಿಯದೆಯೇ ಒಂದು ಪಕ್ಷದ ಲೇಖಕರಾಗಿಬಿಡುತ್ತಾರೆ. ಮೂಲಪತ್ರದ ಅನುವಾದದಲ್ಲಿ ಮೂಲದ ಮಾತನ್ನೇ ಇಟ್ಟು, ವಿವರಣೆಯಲ್ಲಿ ಮಾತ್ರ ತಕ್ಕ ಮಾತನ್ನು ಬಳಸುವುದು ನ್ಯಾಯವಾದ ದಾರಿ.

೪

ಪರ್ಡ್ಯೂ ಮತ್ತು ಗ್ರೀನ್ ಅವರ ಸಂಕಲನದ ಅತ್ಯುತ್ತಮ ಭಾಗವೆಂದರೆ ಚೆರೋಕಿಗಳೊಳಗಿನ ವಾದವಿವಾದಕ್ಕೆ ಮೀಸಲಾದ ಅಧ್ಯಾಯ. ಚೆರೋಕಿಗಳೆಲ್ಲರೂ ಒಂದೇ ಬಾಯಿಂದ ಮಾತನಾಡಿದರೆಂಬ ಭ್ರಮೆಯನ್ನು ಅದು ಕಳೆಯುತ್ತದೆ. ‘ಫೀನಿಕ್ಸ್’ ಪತ್ರಿಕೆಯ ಮೊದಲ ಸಂಪಾದಕ ಇಲಾಯಸ್ ಬೌಡಿನಾಟ್ ಬಹುಕಾಲ ಸ್ಥಳಾಂತರದ ವಿರೋಧಿಯಾಗಿದ್ದನು. ೧೮೩೨ರ ಹೊತ್ತಿಗೆ ಅವನ ಅಭಿಪ್ರಾಯ ಬದಲಾಯಿತು. ನ್ಯಾಯಾಲಯದಲ್ಲಿ ಗೆದ್ದರೂ ನೆಲ ಉಳಿಯದೆಂದು ಕಂಡ ಮೇಲೆ, ಜನವಾದರೂ ಉಳಿಯಲೆಂದು ಅವನು ಬಯಸಿದನು. ಈ ಅಭಿಪ್ರಾಯವನ್ನು ಪತ್ರಿಕೆಯಲ್ಲಿ ಪ್ರಕಟಿಸಲು ರಾಸ್ ಅವಕಾಶ ಕೊಡದಿರಲು ಅವನು ಸಂಪಾದಕತ್ವವನ್ನು ಬಿಟ್ಟನು. ಮುಂದೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವನೂ ಒಬ್ಬನಾದನು. ೧೮೩೭ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ರಾಸನನ್ನು ಅವನು ನೇರವಾಗಿ ಆಕ್ಷೇಪಿಸಿದ್ದಾನೆ: ನಿಜಸ್ಥಿತಿಯನ್ನು ಜನರಿಂದ ಮುಚ್ಚಿಟ್ಟು, ಅವರ ಅಜ್ಞಾನವನ್ನೇ ಬಹುಮತವೆಂದು ತೋರಿಸಲಾಗುತ್ತಿದೆ ಎಂಬುದು ಅವನ ದೂರು. ೧೮೩೯ರ ಜೂನ್ ೨೨ರಂದು ಹೊಸ ನೆಲದಲ್ಲಿ ಅವನನ್ನೂ, ಒಪ್ಪಂದದ ಮುಂದಾಳುಗಳಾದ ಮೇಜರ್ ರಿಜ್ ಮತ್ತು ಜಾನ್ ರಿಜ್ ಎಂಬ ತಂದೆಮಕ್ಕಳನ್ನೂ ಅವರ ಜನರೇ ಕೊಂದರು.

ಈ ಇಬ್ಬರ ಪತ್ರಗಳನ್ನು ಜೊತೆಯಾಗಿ ಓದುವುದು ಜಾಕ್ಸನ್-ರಾಸರ ಜೋಡಿಗಿಂತ ಬಹುಪಾಲು ಹೆಚ್ಚು ಫಲದಾಯಕ. ಇಬ್ಬರೂ ಸ್ವಜನರ ಹಿತವನ್ನೇ ಹೇಳುತ್ತಾರೆ. ಇಬ್ಬರಿಗೂ ಕಳೆದುಕೊಳ್ಳುವುದು ಇದ್ದಿತು. ಇಲ್ಲಿ ಸಂಖ್ಯೆಯ ಸಾಕ್ಷ್ಯವನ್ನೂ ಸೂಕ್ಷ್ಮವಾಗಿ ನೋಡಬೇಕು. ನ್ಯೂ ಎಕೋಟಾದಲ್ಲಿ ಸೇರಿದ್ದವರು ಕೆಲವು ನೂರು ಮಂದಿ ಮಾತ್ರ. ಇದಕ್ಕೆ ಪ್ರತಿಯಾಗಿ ರಾಸನ ಕಡೆಯವರು ೧೮೩೮ರಲ್ಲಿ ಸಲ್ಲಿಸಿದ ಮನವಿಯಲ್ಲಿ ೧೫,೦೦೦ಕ್ಕೂ ಹೆಚ್ಚು ಹೆಸರುಗಳಿದ್ದವು. ಮೇಲೆ ಹೇಳಿದ ಗಣತಿಯಲ್ಲಿ ಕೈಗೂಸುಗಳೂ ಸೇರಿ ಇದ್ದವರು ೧೬,೫೪೨. ಮಕ್ಕಳ ಹೆಸರುಗಳನ್ನು ಹಿರಿಯರು ಬರೆಯಿಸಿರಬೇಕೆಂದು ತಿಳಿಯದೆ ಈ ಎರಡು ಅಂಕೆಗಳನ್ನು ಹೊಂದಿಸಲಾಗದು. ಇದರಿಂದ ಮನವಿ ಸುಳ್ಳಾಗುವುದಿಲ್ಲ. ಕುಟುಂಬವೇ ಸಹಿ ಮಾಡುವುದು ಆ ಜನರ ರೀತಿಯಾಗಿರಬಹುದು. ಆದರೆ ಅದನ್ನು ಮತಪತ್ರಗಳ ಎಣಿಕೆಯೆಂದು ಓದುವುದು ತಪ್ಪಾದೀತು. ಸತ್ಯದ ಪಕ್ಷದಲ್ಲಿರುವ ಕಾಗದವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸುವ ಅಭ್ಯಾಸ ವಿದ್ಯಾರ್ಥಿಗೆ ಆಗಬೇಕಾದುದು ಇಂಥಲ್ಲಿಯೇ.

೫

ಮೂರನೆಯ ಪರೀಕ್ಷೆ ಕಾಲಕ್ಕೆ ಸಂಬಂಧಿಸಿದುದು. ೧೮೩೮ರ ಮೇ ೧೭ರಂದು ಸ್ಕಾಟ್ ತನ್ನ ಸೈನಿಕರಿಗೆ ಹೊರಡಿಸಿದ ಆಜ್ಞೆಯಲ್ಲಿ ಜನರೊಡನೆ ದಯೆಯಿಂದ ವರ್ತಿಸಬೇಕೆಂದು ವಿಧಿಸಿದ್ದಾನೆ. ಮರುತಿಂಗಳು ಬ್ಯಾಪ್ಟಿಸ್ಟ್ ಪಾದ್ರಿ ಇವಾನ್ ಜೋನ್ಸ್ ಶಿಬಿರದಿಂದ ಬರೆದ ಪತ್ರದಲ್ಲಿ, ಜನರನ್ನು ಮೈಮೇಲಿನ ಬಟ್ಟೆಯಲ್ಲಿಯೇ ಎಳೆತಂದುದನ್ನೂ, ಬಿಟ್ಟುಬಂದ ಮನೆಗಳು ಕೊಳ್ಳೆಹೋದುದನ್ನೂ ವರದಿ ಮಾಡಿದ್ದಾನೆ. ಆಜ್ಞೆಯೆಂಬುದು ವಿಧಿಸಿದುದಕ್ಕೆ ಪ್ರಮಾಣವೇ ಹೊರತು ನಡೆದುದಕ್ಕೆ ಪ್ರಮಾಣವಾಗದು. ಮಾತ್ರವಲ್ಲ, ದೌರ್ಜನ್ಯವನ್ನು ನಿಷೇಧಿಸುವ ಆಜ್ಞೆ ದೌರ್ಜನ್ಯವನ್ನು ನಿರೀಕ್ಷಿಸಲಾಗಿತ್ತೆಂಬುದಕ್ಕೂ ಸಾಕ್ಷಿ.

ಪಾದ್ರಿಗಳ ಬರಹಗಳಿಗೂ ತಮ್ಮದೇ ಆದ ಒಲವುಗಳಿವೆ. ಚೆರೋಕಿಗಳ ನಡುವೆ ೧೮೧೭ರಿಂದ ಕೆಲಸಮಾಡುತ್ತಿದ್ದ ಬೋಸ್ಟನ್ನಿನ ಅಮೆರಿಕನ್ ಬೋರ್ಡ್ ಎಂಬ ಮಿಶನ್ ಮಂಡಳಿಯು ೧೮೧೩ರಲ್ಲಿಯೇ ಮುಂಬಯಿಯಲ್ಲಿಯೂ ನೆಲೆಯೂರಿತ್ತು. ಮುಂಬಯಿಯ ಪತ್ರಗಳೂ ಚೆರೋಕಿ ನಾಡಿನ ಪತ್ರಗಳೂ ಅದರ ಒಂದೇ ಮಾಸಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ದೂರದಲ್ಲಿದ್ದ ದಾನಿಗಳನ್ನು ಉದ್ದೇಶಿಸಿ ಬರೆದ ಪತ್ರಗಳಲ್ಲಿ ಮತಾಂತರದ ಯಶಸ್ಸಿಗೂ ಭಕ್ತರ ಸಹನೆಗೂ ಹೆಚ್ಚಿನ ಸ್ಥಳ ದೊರೆಯುವುದು ಸಹಜ. ಅದೇ ಮಂಡಳಿಯ ಡೇನಿಯಲ್ ಬಟ್ರಿಕ್ ತಂಡವೊಂದರ ಜೊತೆ ನಡೆದುಹೋಗುತ್ತ ಇಟ್ಟ ದಿನಚರಿ ಈ ದೃಷ್ಟಿಯಿಂದ ಅಮೂಲ್ಯವಾದುದು. ಹವೆ, ರೋಗ, ಸಾವು, ಆ ದಿನ ನಡೆದ ದೂರ ಇವು ಅದರಲ್ಲಿ ಅಂದಂದಿಗೇ ದಾಖಲಾಗಿವೆ.

ಇದಕ್ಕೆ ಎದುರಾಗಿ ನೆನಪಿನ ಸಾಕ್ಷ್ಯಗಳಿವೆ. ಜಾನ್ ಬರ್ನೆಟ್ ಎಂಬ ಹಳೆಯ ಸೈನಿಕನು ೧೮೯೦ರಲ್ಲಿ ತನ್ನ ಎಂಬತ್ತನೆಯ ಹುಟ್ಟುಹಬ್ಬದಂದು ಮಕ್ಕಳಿಗೆ ಬರೆದನೆಂಬ ಕಥನ ಶಾಲೆಗಳಲ್ಲಿ ಬಹಳ ಪ್ರಚಾರದಲ್ಲಿದೆ. ರಾಸನ ಹೆಂಡತಿ ತನ್ನ ಒಂದೇ ಕಂಬಳಿಯನ್ನು ರೋಗಿಯಾದ ಮಗುವಿಗೆ ಹೊದೆಸಿ, ಹಿಮಗಾಳಿಯಲ್ಲಿ ಪ್ರಯಾಣಮಾಡಿ ಸತ್ತಳೆಂದೂ, ಆಕೆಯನ್ನು ದಾರಿಯ ಬದಿಯಲ್ಲಿ ಹೂಳಲು ತಾನೇ ನೆರವಾದೆನೆಂದೂ ಅದರಲ್ಲಿ ಹೇಳಿದೆ. ಆದರೆ ಇತರ ಆಧಾರಗಳಂತೆ ಆಕೆ ಪ್ರಯಾಣಮಾಡಿದುದು ಉಗಿದೋಣಿಯಲ್ಲಿ. ಸತ್ತುದು ೧೮೩೯ರ ಫೆಬ್ರವರಿಯಲ್ಲಿ ಲಿಟ್ಲ್ ರಾಕ್ ಪಟ್ಟಣದ ಬಳಿ. ಅಲ್ಲಿಯ ಸ್ಮಶಾನದಲ್ಲಿ ಆಕೆಯ ಹೆಸರಿನ ಸಮಾಧಿಶಿಲೆಯಿದೆ. ಐವತ್ತು ವರ್ಷಗಳ ಅನಂತರದ ಬರಹ ದಾರಿಯ ವಿವರಕ್ಕೆ ಪ್ರಮಾಣವಾಗಲಾರದು. ಆ ಪ್ರಸಂಗವನ್ನು ಮುಂದಿನ ತಲೆಮಾರು ಯಾವ ಬಗೆಯ ಕಥೆಯಾಗಿ ಕೇಳಬಯಸಿತು ಎಂಬುದಕ್ಕೆ ಮಾತ್ರ ಅದು ಪ್ರಮಾಣ.

ನೆನಪಿನ ಸಾಕ್ಷ್ಯಗಳೆಲ್ಲವೂ ತ್ಯಾಜ್ಯವೆಂದು ಇದರ ಅರ್ಥವಲ್ಲ. ರೆಬೆಕಾ ನ್ಯೂಗಿನ್ ಎಂಬ ಮುದುಕಿಯ ನೆನಪುಗಳನ್ನು ಗ್ರಾಂಟ್ ಫೋರ್‌ಮನ್ ೧೯೩೨ರಲ್ಲಿ ಬರೆದುಕೊಂಡನು. ಘಟನೆಯ ಕಾಲಕ್ಕೆ ಆಕೆ ಎಳೆಯ ಮಗು. ಸೈನಿಕರು ಮನೆಗೆ ಬಂದಾಗ ತಂದೆ ಎದುರಿಸಲು ಹೊರಟುದು, ತಾಯಿ ತಡೆದುದು, ಅಂಗಲಾಚಿ ಮರಳಿ ಹೋಗಿ ಹಾಸಿಗೆಯನ್ನೂ ಕೆಲವು ಪಾತ್ರೆಗಳನ್ನೂ ತಾಯಿ ಹೊತ್ತು ತಂದುದು ಇವು ಆಕೆಯ ಕಥನದಲ್ಲಿವೆ. ಮಗು ಕಂಡುದಕ್ಕಿಂತ ಮನೆಯಲ್ಲಿ ಮತ್ತೆ ಮತ್ತೆ ಕೇಳಿದುದು ಇದರಲ್ಲಿ ಹೆಚ್ಚಾಗಿರಬೇಕು. ಆದರೂ ಜೋನ್ಸನ ಸಮಕಾಲೀನ ಪತ್ರ ಹೇಳುವುದಕ್ಕೂ ಇದಕ್ಕೂ ಹೊಂದಿಕೆಯಿದೆ. ವೀರರಸಕ್ಕಾಗಲಿ ಪವಾಡಕ್ಕಾಗಲಿ ಇದರಲ್ಲಿ ಎಡೆಯಿಲ್ಲ. ಒಂದು ನೆನಪನ್ನು ಬಿಟ್ಟು ಇನ್ನೊಂದನ್ನು ಸ್ವೀಕರಿಸಲು ಇಂಥ ಕಾರಣಗಳನ್ನು ಕೊಡಲು ಕಲಿಸುವುದೇ ಬೋಧಕನ ಕೆಲಸ.

ಜಾಕ್ಸನ್ನನ ಬಾಯಲ್ಲಿ ಹಾಕಲಾದ ಪ್ರಸಿದ್ಧವಾದ ಒಂದು ಮಾತನ್ನೂ ಇಲ್ಲಿ ನೆನೆಯಬಹುದು. ತೀರ್ಪನ್ನು ಕೊಟ್ಟ ನ್ಯಾಯಾಧೀಶ ಮಾರ್ಷಲನೇ ಅದನ್ನು ಜಾರಿಗೆ ತರಲಿ ಎಂದು ಅವನು ಸವಾಲೆಸೆದನೆಂಬ ಕಥೆ ಅಚ್ಚಿನಲ್ಲಿ ಕಾಣಿಸಿಕೊಂಡುದು ೧೮೬೪ರಲ್ಲಿ, ಹೊರೇಸ್ ಗ್ರೀಲಿಯ ಗ್ರಂಥದಲ್ಲಿ. ಆದರೆ ತೀರ್ಪು ಹುಟ್ಟುವಾಗಲೇ ಸತ್ತ ಕೂಸಾಯಿತೆಂಬ ಭಾವವನ್ನು ಜಾಕ್ಸನ್ ೧೮೩೨ರ ಏಪ್ರಿಲ್‌ನಲ್ಲಿಯೇ ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ಪ್ರಕಟಿಸಿದ್ದಾನೆ. ಕಥೆಯನ್ನು ಬಿಟ್ಟುಕೊಟ್ಟರೂ ಆರೋಪ ಸಡಿಲವಾಗುವುದಿಲ್ಲ. ಅದು ಗಟ್ಟಿಯಾದ ಆಧಾರದ ಮೇಲೆ ನಿಲ್ಲುತ್ತದೆ.

೬

ಇಂಥ ಸಂಕಲನಗಳಲ್ಲಿ ಭಾಷಣ, ಪತ್ರ, ದಿನಚರಿಗಳಿಗೆ ದೊರೆಯುವ ಮನ್ನಣೆ ಜಮಾಖರ್ಚಿನ ಕಾಗದಗಳಿಗೆ ದೊರೆಯುವುದು ಕಡಮೆ. ಇದು ವಿಷಾದದ ಸಂಗತಿ. ರಾಸ್ ವಹಿಸಿಕೊಂಡ ಸಾಗಾಟಕ್ಕೆ ಗೊತ್ತಾದ ದರ ತಲೆಗೆ ೬೫ ಡಾಲರು ೮೮ ಸೆಂಟುಗಳು. ಸಾಮಗ್ರಿಯ ಸರಬರಾಜನ್ನು ವಹಿಸಿಕೊಂಡವನು ಅವನ ತಮ್ಮ ಲೂಯಿಸ್ ರಾಸ್. ಹೀಗೆ ಸಾಗಿಸಿದವರ ಸಂಖ್ಯೆ ರಾಸನ ಲೆಕ್ಕದಂತೆ ೧೩,೦೦೦ಕ್ಕೂ ಮೇಲೆ. ಪಶ್ಚಿಮದಲ್ಲಿ ತಂಡಗಳನ್ನು ಎಣಿಸಿಕೊಂಡ ಸೈನ್ಯಾಧಿಕಾರಿಯ ಲೆಕ್ಕದಂತೆ ಸುಮಾರು ೧೧,೫೦೦. ನಡುವಣ ಅಂತರದಲ್ಲಿ ದಾರಿಯಲ್ಲಿ ಸತ್ತವರಿದ್ದಾರೆ, ತಪ್ಪಿಸಿಕೊಂಡು ಹೋದವರಿದ್ದಾರೆ. ಹಣ ತಲೆಯೆಣಿಕೆಯ ಮೇಲೆ ನಿಂತಿದ್ದುದರಿಂದ ಒಂದು ಕಡೆ ಹೆಚ್ಚಿಸುವ, ಇನ್ನೊಂದು ಕಡೆ ತಗ್ಗಿಸುವ ಪ್ರಲೋಭನೆಯೂ ಇದ್ದಿತು. ಈ ಮೂರರಲ್ಲಿ ಯಾವುದರ ಪಾಲೆಷ್ಟೆಂದು ಅಂತರವೊಂದರಿಂದಲೇ ಹೇಳಲಾಗದು. ಸತ್ತವರ ಲೆಕ್ಕವೂ ಹೀಗೆಯೇ ಜಟಿಲವಾದುದು. ಬಹಳವಾಗಿ ಉದ್ಧರಿಸಲ್ಪಡುವ ೪,೦೦೦ ಎಂಬ ಸಂಖ್ಯೆ ಎಲೈಜರ್ ಬಟ್ಲರ್ ಎಂಬ ಮಿಶನರಿ ವೈದ್ಯನ ಅಂದಾಜಿನಿಂದ ಬಂದುದು. ಜೇಮ್ಸ್ ಮೂನಿ ೧೯೦೦ರ ತನ್ನ ಗ್ರಂಥದಲ್ಲಿ ಅದನ್ನು ಹೇಳಿದ ಮೇಲೆ ಅದು ಸ್ಥಿರವಾಯಿತು. ೧೯೮೪ರಲ್ಲಿ ರಸೆಲ್ ಥಾರ್ನ್‌ಟನ್ ಜನಸಂಖ್ಯೆಯ ಬೆಳವಣಿಗೆಯ ಲೆಕ್ಕದಿಂದ ೮,೦೦೦ಕ್ಕೂ ಮಿಗಿಲೆಂದು ಅಂದಾಜು ಮಾಡಿದರು. ಒಂದು ಶಿಬಿರಗಳಲ್ಲಿಯೂ ದಾರಿಯಲ್ಲಿಯೂ ಆದ ಸಾವಿನ ಅಂದಾಜು. ಇನ್ನೊಂದು ಹೊಸ ನೆಲದಲ್ಲಿಯ ರೋಗಗಳೂ ಸೇರಿದಂತೆ ಆ ವರ್ಷಗಳ ಒಟ್ಟು ನಷ್ಟದ ಅಂದಾಜು. ಎರಡು ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಒಂದೇ ಪ್ರಶ್ನೆಯ ವಿರುದ್ಧ ಉತ್ತರಗಳೆಂದು ಭಾವಿಸಿದರೆ ವಿವಾದ ಎಂದಿಗೂ ಮುಗಿಯದು.

ಬಿಟ್ಟುಬಂದ ಆಸ್ತಿಗೆ ಪರಿಹಾರ ಬೇಡಿ ಚೆರೋಕಿಗಳು ೧೮೪೨ರವರೆಗೂ ಸಲ್ಲಿಸಿದ ಪಟ್ಟಿಗಳು ಉಳಿದಿವೆ. ಮನೆ, ಹೊಲ, ಹಣ್ಣಿನ ಮರಗಳು, ದನ, ಹಂದಿ, ಪಾತ್ರೆ ಇವುಗಳ ಒಂದೊಂದರ ಬೆಲೆಯೂ ಅವುಗಳಲ್ಲಿದೆ. ಪರಿಹಾರಕ್ಕಾಗಿ ಬರೆದುದರಿಂದ ಬೆಲೆಗಳು ತುಸು ಏರಿರಬಹುದು. ಆದರೆ ವಸ್ತುಗಳನ್ನು ಕಲ್ಪಿಸಿಕೊಂಡು ಬರೆದರೆಂದು ನಂಬುವುದು ಕಷ್ಟ. ಭಾಷಣವೊಂದನ್ನೂ ಮಾಡದ, ಪತ್ರವೊಂದನ್ನೂ ಬರೆಯದ ಸಾಮಾನ್ಯ ಒಕ್ಕಲುಗಳ ಸಂಸಾರ ಇತಿಹಾಸದ ಕಣ್ಣಿಗೆ ಬೀಳುವುದು ಇಂಥ ಪಟ್ಟಿಗಳಲ್ಲಿಯೇ.

೭

ಎರಡು ಪಕ್ಷಗಳ ಚೌಕಟ್ಟಿನಿಂದ ಹೊರಗುಳಿಯುವವರೂ ಉಂಟು. ೧೮೩೫ರ ಗಣತಿಯಲ್ಲಿಯೇ ಚೆರೋಕಿಗಳ ಒಡೆತನದಲ್ಲಿದ್ದ ೧,೫೯೨ ಕಪ್ಪು ಗುಲಾಮರ ಲೆಕ್ಕವಿದೆ. ರಾಸನೂ ಗುಲಾಮರ ಒಡೆಯನೇ. ಆ ಗುಲಾಮರೂ ಅದೇ ದಾರಿಯನ್ನು ತುಳಿದರು. ಆದರೆ ಜಾಕ್ಸನ್ನನ ಪಕ್ಷದಲ್ಲಿಯೂ ರಾಸನ ಪಕ್ಷದಲ್ಲಿಯೂ ಅವರ ಮಾತಿಲ್ಲ. ನೂರು ವರ್ಷಗಳ ಅನಂತರ, ೧೯೩೦ರ ದಶಕದಲ್ಲಿ, ಒಕ್ಲಹೋಮಾದಲ್ಲಿ ಸಂಗ್ರಹಿಸಿದ ಹೇಳಿಕೆಗಳಲ್ಲಿ ಮಾತ್ರ ಅವರ ದನಿ ಅಷ್ಟಿಷ್ಟು ಕೇಳಿಸುತ್ತದೆ. ಚೆರೋಕಿ ಹೆಂಗಸರು ೧೮೧೭ರಲ್ಲಿಯೂ ೧೮೧೮ರಲ್ಲಿಯೂ ನೆಲವನ್ನು ಬಿಟ್ಟುಕೊಡಬಾರದೆಂದು ತಮ್ಮ ಹಿರಿಯರ ಸಭೆಗೆ ಮನವಿ ಮಾಡಿಕೊಂಡುದನ್ನು ಪರ್ಡ್ಯೂ ಮತ್ತು ಗ್ರೀನ್ ಅವರು ತಮ್ಮ ಸಂಕಲನದಲ್ಲಿ ಸೇರಿಸಿರುವುದು ಈ ದೃಷ್ಟಿಯಿಂದ ಸ್ತುತ್ಯವಾದ ಕಾರ್ಯ. ಒಂದು ಮಿತಿಯನ್ನೂ ಹೇಳಬೇಕು. ಸಂಕಲನವೆಲ್ಲವೂ ಇಂಗ್ಲಿಷಿನಲ್ಲಿದೆ. ತಮ್ಮದೇ ಲಿಪಿಯಲ್ಲಿ ಬರೆಯಬಲ್ಲವರಾಗಿದ್ದ ಜನರ ಮಾತು, ಇಂಗ್ಲಿಷ್ ಬಲ್ಲ ಮುಂದಾಳುಗಳ ಮೂಲಕವೋ ಅನುವಾದದ ಮೂಲಕವೋ ಮಾತ್ರ ವಿದ್ಯಾರ್ಥಿಯನ್ನು ಮುಟ್ಟುತ್ತದೆ.

ಮೇಲಣ ಪರಿಶೀಲನೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ವಿರುದ್ಧ ಆಧಾರಗಳ ಪದ್ಧತಿ ಒಳ್ಳೆಯದೇ. ಅದನ್ನು ಪಕ್ಷ-ಪ್ರತಿಪಕ್ಷಗಳ ಜೋಡಿಗೆ ಇಳಿಸಿದಾಗ ಮಾತ್ರ ಅದು ಕೆಡುತ್ತದೆ. ಬೋಧಕನು ಮೊದಲು ಸರ್ಕಾರದ ಮಾತನ್ನು ಸರ್ಕಾರದ ಲೆಕ್ಕದೊಡನೆ ಹೋಲಿಸಿ ತೋರಿಸಲಿ. ಬಳಿಕ ಆಜ್ಞೆಯನ್ನು ವರದಿಯೊಡನೆ, ದಿನಚರಿಯನ್ನು ನೆನಪಿನೊಡನೆ, ರಾಸನನ್ನು ಬೌಡಿನಾಟನೊಡನೆ, ತಲೆಯೆಣಿಕೆಯನ್ನು ಅದರ ಹಣದೊಡನೆ ಇರಿಸಲಿ. ಪ್ರತಿಯೊಂದು ಕಾಗದವನ್ನೂ ಯಾರು, ಯಾವಾಗ, ಯಾರಿಗೆ, ಏತಕ್ಕೆ ಬರೆದರೆಂದು ಕೇಳಲಿ. ಜಾಕ್ಸನ್ನನ ಸಂದೇಶ ಕೊನೆಯಲ್ಲಿ ಬರಲಿ. ಈ ಕ್ರಮದಲ್ಲಿ ನಡೆದು ಬಂದ ವಿದ್ಯಾರ್ಥಿ ಆ ಸಂದೇಶವನ್ನು ಓದುವ ಹೊತ್ತಿಗೆ, ಅದರಲ್ಲಿ ಹೇಳಿದ ಕಾಡಿನ ಅಲೆಮಾರಿಗಳ ಉಳುಮೆಯ ಎಕರೆಗಳನ್ನೂ ಹಣ್ಣಿನ ಮರಗಳನ್ನೂ ತಾನೇ ಎಣಿಸಿ ಮುಗಿಸಿರುತ್ತಾನೆ.